ತಾತನ ಫೋನಿನಲ್ಲಿರುವ ದನಿ

ಚಿನ್ನು, ಪುಟ್ಟಿ, ನಿಮ್ಮ ತಾತನ ಗಂಟಲಿನಲ್ಲಿ ಗಡ್ಡೆಯಾದ ವರ್ಷ ನೀವಿಬ್ಬರೂ ಬಹಳ ಚಿಕ್ಕವರು. ಚಿನ್ನು ಆಗಷ್ಟೇ ಸ್ಕೂಲಿಗೆ ಹೋಗಲು ಶುರು ಮಾಡಿದ್ದ, ಪುಟ್ಟಿ ಗೋಡೆ ಹಿಡಿದು ನಡೆಯುತ್ತಿದ್ದಳು. ನಾವೆಲ್ಲ ಆಗ ನೈರೋಬಿಯ ಪಂಗಾನಿಯಲ್ಲಿ, ಹಳೆಯ ಫ್ಲಾಟಿನಲ್ಲಿದ್ದೆವು. ಕೆಳಗೆ ಟೈರಿನ ಅಂಗಡಿ, ಎದುರಿಗೆ ಜನರನ್ನು ತುಂಬಿಕೊಂಡು ಓಡುವ ಮಟಾಟು ವ್ಯಾನುಗಳು ನಿಲ್ಲುವ ಜಾಗ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನಿಮಗೆ ಆಗ ಯಾರೂ ಹೇಳಲಿಲ್ಲ. ನನಗೆ ಬಾಯಲ್ಲಿ ಹೇಳಲು ಈಗಲೂ ಆಗುವುದಿಲ್ಲ. ನಾಲ್ಕು ಜನರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ.

ತಾತ ಔಷಧಿ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರಾಗಿದ್ದರು. ಮಾತ್ರೆ ಒತ್ತುವ ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಅವರ ದನಿ ದೊಡ್ಡದಾಗಿತ್ತು. ಅವರು ಕೆಳಗೆ ಮೆಟ್ಟಿಲ ಬಳಿ ಯಾರನ್ನಾದರೂ ಮಾತಾಡಿಸಿದರೆ ಮೂರನೇ ಮಹಡಿಯಲ್ಲಿ ನಾನು ಹಾಲು ಕಾಯಿಸಲು ಇಡುತ್ತಿದ್ದೆ. ಆ ದನಿ ಒಡೆಯತೊಡಗಿದಾಗ ಕಾರ್ಖಾನೆಯ ಧೂಳು ಅಂದುಕೊಂಡೆವು. ಜೇನುತುಪ್ಪ, ಶುಂಠಿ, ಉಪ್ಪುನೀರು ಎಲ್ಲ ಆಯಿತು. ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡುವ ಹೊತ್ತಿಗೆ ತಡವಾಗಿತ್ತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದರು. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ನನಗೆ ಹೇಳುವಾಗ ನಿಮ್ಮಪ್ಪ ನನ್ನ ಮುಖ ನೋಡಲಿಲ್ಲ, ಕಾರಿನ ಕಿಟಕಿಯ ಹೊರಗೆ ನೋಡುತ್ತಿದ್ದ.

ಅದೇ ಆಸ್ಪತ್ರೆಯಲ್ಲಿ ಮಾತು ಹೋದವರಿಗೆ ಬೇರೆ ದಾರಿ ಕಲಿಸುವ ಒಬ್ಬ ಹೆಂಗಸು ಇದ್ದಳು. ಫೋನಿನ ವಿಚಾರ ಹೇಳಿದ್ದು ಅವಳೇ. ಈಗ ಹೊಸ ಬಗೆಯ ಫೋನು ಬಂದಿದೆ, ಅದಕ್ಕೆ ಗುಂಡಿಗಳಿಲ್ಲ, ಗಾಜನ್ನು ಬೆರಳಿನಿಂದ ಮುಟ್ಟಿದರಾಯಿತು. ಅದರ ಮೇಲೆ ಚೌಕ ಚೌಕವಾಗಿ ಚಿತ್ರಗಳನ್ನು ಜೋಡಿಸಿ, ಒಂದೊಂದು ಚೌಕಕ್ಕೆ ಒಂದೊಂದು ಮಾತು ತುಂಬಿಸಿಡಬಹುದು. ಲೋಟದ ಚಿತ್ರ ಮುಟ್ಟಿದರೆ ನೀರು ಕೊಡು ಎನ್ನುತ್ತದೆ. ಆಪರೇಷನ್ನಿಗೆ ಮುಂಚೆ ಅವರೇ ಹೇಳಿ ತುಂಬಿಸಿದರೆ ಮುಂದೆಯೂ ಅವರದೇ ದನಿ, ಅವರದೇ ಕನ್ನಡ.

ಅದನ್ನು ಕೇಳಿದ ದಿನ ತಾತ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು.

ಆ ಫೋನು ಆಗ ಇಲ್ಲಿಯ ಅಂಗಡಿಗಳಲ್ಲಿ ಇರಲಿಲ್ಲ. ನಮ್ಮವರು ಯಾರಾದರೂ ಊರಿಂದ ಬರುತ್ತಾರೆಂದರೆ ಅವರ ಪೆಟ್ಟಿಗೆಯಲ್ಲಿ ಹುಳಿಪುಡಿ, ಕನ್ನಡಕ, ಮದುವೆ ಸೀರೆ ಎಲ್ಲವೂ ಬರುವುದು ನೈರೋಬಿಯಲ್ಲಿ ವಾಡಿಕೆ. ಲೊರೆಶೋ ಬಡಾವಣೆಯಲ್ಲಿ ತಾತನ ಹಳೆಯ ಸ್ನೇಹಿತರೊಬ್ಬರಿದ್ದರಲ್ಲ, ಅದೇ ಕಾರ್ಖಾನೆಯವರು, ಅವರು ಮೈಸೂರಿಗೆ ಹೋಗಿದ್ದರು. ಬರುವಾಗ ದುಬೈನಲ್ಲಿ ವಿಮಾನ ಬದಲಿಸಬೇಕು, ಅಲ್ಲೇ ಕೊಳ್ಳಬಹುದು. ತಾತ ಆ ಸ್ನೇಹಿತರಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಆ ಕಡೆಯ ಮಾತೂ ನನಗೆ ಕೇಳಿಸುತ್ತಿತ್ತು.

"ನಿಂಗ್ಯಾಕಯ್ಯ ಉಜ್ಜೋ ಫೋನು? ಇರೋ ಫೋನಲ್ಲೇ ಮೆಸೇಜು ಓದಕ್ಕೆ ಮಗನ್ನ ಕರೀತೀಯ."

"ತಗೊಂಡು ಬಾರಯ್ಯ ಸುಮ್ನೆ. ನಾನೂ ಒಂದಿಷ್ಟು ಶೋಕಿ ಮಾಡ್ತೀನಿ."

"ಏನ್ ದನಿನಯ್ಯ ಇದು, ಹಳೇ ಗೇಟ್ ತೆಗ್ದಂಗೆ. ಏನೋ ಆಪರೇಷನ್ನು ಅಂದ್ರಪ್ಪ ಫ್ಯಾಕ್ಟ್ರಿನಲ್ಲಿ?"

"ಚಿಕ್ಕದು. ಟಾನ್ಸಿಲ್ ಅನ್ಕೋ."

"ಈ ವಯಸ್ಸಲ್ಲಿ ಟಾನ್ಸಿಲ್ಲು. ಸರಿ, ಬಂದಿಳಿದ ದಿನವೇ ತಂದು ಕೈಗೆ ಕೊಡ್ತೀನಿ. ಬಿಸಿಬೇಳೆಬಾತ್ ಮಾಡ್ಸಿರು."

ನಿಜ ಹೇಳಬಾರದಿತ್ತೇ ಎಂದು ನಿಮ್ಮಪ್ಪ ಕೇಳಿದ. "ನಮ್ಮ ಕನ್ನಡದವರಿಗೆ ಗೊತ್ತಾದ್ರೆ ದಿನಕ್ಕೊಬ್ರು ಹಣ್ಣು ಹಿಡ್ಕೊಂಡು ಬಂದು, ನಾನಿನ್ನೂ ಇರೋವಾಗ್ಲೇ ಅತ್ತು ಹೋಗ್ತಾರೆ. ಬೇಡ" ಎಂದರು.

ಅಂದಿನಿಂದ ಕಾಯುವುದು ಶುರುವಾಯಿತು. ತಾತ ದನಿಯನ್ನು ಕೂಡಿಡತೊಡಗಿದರು. ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ಮಾತಾಡಿದರೆ ಗಂಟಲು ನೋಯುತ್ತಿತ್ತು, ಸ್ವಲ್ಪ ಹೊತ್ತಿಗೆ ದನಿ ಪೂರ್ತಿ ಕಟ್ಟಿಹೋಗುತ್ತಿತ್ತು. ಆದಷ್ಟು ಕಡಿಮೆ ಮಾತಾಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಸುಮ್ಮನಿರಿ ಎಂದು ತೆಗೆದುಕೊಂಡರು. ನನ್ನನ್ನು ಕರೆಯಲು ಚಪ್ಪಾಳೆ ತಟ್ಟುತ್ತಿದ್ದರು. ಅನ್ನ ಬೇಕಾದರೆ ತಟ್ಟೆಗೆ ಚಮಚದಿಂದ ಹೊಡೆಯುತ್ತಿದ್ದರು. ಚಿನ್ನು, ನೀನು ಅದನ್ನು ಆಟವೆಂದುಕೊಂಡು ನಿನ್ನ ತಟ್ಟೆಗೂ ಹೊಡೆಯುತ್ತಿದ್ದೆ.

ಸಂಜೆ ಬಾಲ್ಕನಿಯಲ್ಲಿ ಕೂತಾಗ ಅವರ ತುಟಿ ಮಾತ್ರ ಆಡುತ್ತಿತ್ತು. ಫೋನಿಗೆ ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದರು. ಏನು ಎಂದು ನಾನು ಕಣ್ಣಲ್ಲೇ ಕೇಳಿದೆ. "ನಿನ್ನ ಬೈಯಕ್ಕೂ ಒಂದು ಚೌಕ ಇಟ್ಕೋಬೇಕಲ್ಲೇ" ಎಂದು ಪಿಸುಗುಟ್ಟಿದರು. ನಾನು ನಕ್ಕು ಒಳಗೆ ಹೋದೆ. ಒಂದು ಚೌಕವಿದ್ದರೆ ಸಾಲದು ಎಂದು ಹೇಳಬೇಕು ಅನ್ನಿಸಿತ್ತು. ನಾನು ಒಂದು ಮಾತು ಆಡಿದರೆ ಅವರು ಉತ್ತರಕ್ಕೆ ಒಂದು ಖರ್ಚು ಮಾಡಬೇಕಾಗುತ್ತದೆ ಎಂದು ನಾನೂ ಮಾತು ಕಡಿಮೆ ಮಾಡಿದ್ದೆ.

ನಿಮ್ಮಪ್ಪನಿಗೆ ಮನಸ್ಸು ತಡೆಯಲಿಲ್ಲ. "ಅಪ್ಪಾ, ಟೇಪ್ ರೆಕಾರ್ಡರಿಗೆ ಒಂದ್ಸಲ ಹೇಳ್ಬಿಡಿ, ಸೇಫ್ಟಿಗೆ" ಎಂದ.

"ಎರಡೆರಡು ಸಲ ಹೇಳೋಷ್ಟು ಎಲ್ಲಿದೆಯೋ? ಒಂದೇ ಸಲ ಹೇಳ್ತೀನಿ. ಅದಕ್ಕೇ ಹೇಳ್ತೀನಿ."

"ಅದು ಬರದಿದ್ರೆ?"

"ಬರುತ್ತೆ. ಅವನು ಮಾತು ಕೊಟ್ಟೋನು ತಪ್ಪಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಸೋಮವಾರ ಆಸ್ಪತ್ರೆಗೆ ಸೇರಬೇಕಿತ್ತು. ಭಾನುವಾರದವರೆಗೂ ಫೋನು ಬರದಿದ್ದರೆ ಅವತ್ತು ಟೇಪಿಗೆ ಹೇಳುವುದು.

ಸ್ನೇಹಿತರು ಬರುತ್ತೇನೆಂದ ದಿನ ನಾನು ಬೇಳೆ ನೆನೆಹಾಕಿದೆ. ಅವರು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನಿಮ್ಮಪ್ಪ ಅವರ ಮೊಬೈಲಿಗೆ ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಗಿಗಿರಿಯ ಆಫೀಸಿನಿಂದ ಬರುವಾಗ ಲೊರೆಶೋಗೆ ಹೋಗಿ ನೋಡಿದ. ಗೇಟಿನ ಕಾವಲುಗಾರ ಸ್ವಾಹಿಲಿಯಲ್ಲಿ "ಹಯುಪೊ" ಎಂದನಂತೆ, ಇಲ್ಲ ಎಂದು. ಇನ್ನೂ ಊರಿಂದ ಬಂದಿಲ್ಲವೆಂದೇ ತಿಳಿದು ನಿಮ್ಮಪ್ಪ ಹಿಂದಿರುಗಿದ. ಆಪರೇಷನ್ನು ಸ್ವಲ್ಪ ಮುಂದಕ್ಕೆ ಹಾಕಬಹುದೇ ಎಂದು ಡಾಕ್ಟರನ್ನೂ ಕೇಳಿದ. ಗಡ್ಡೆ ಕಾಯುವುದಿಲ್ಲ ಎಂದರು.

ತಾತ ಬಾಲ್ಕನಿ ಬಿಟ್ಟು ಏಳುತ್ತಿರಲಿಲ್ಲ. ಕೆಳಗೆ ಯಾವ ಕಾರು ನಿಂತರೂ ಕಂಬಿ ಹಿಡಿದು ಬಗ್ಗಿ ನೋಡುವರು. ಶನಿವಾರ ಮಧ್ಯಾಹ್ನ ಒಂದು ಬಿಳಿ ಕಾರು ಟೈರಂಗಡಿಯ ಮುಂದೆ ನಿಂತಿತು. ಲೊರೆಶೋದವರದೂ ಬಿಳಿ ಕಾರೇ. ತಾತ ನನ್ನ ಕಡೆ ತಿರುಗಿ ದನಿ ತೆಗೆದೇ ಹೇಳಿದರು, "ಬಂದ ನೋಡು."

ಚಕ್ರ ಬದಲಿಸಲು ಬಂದ ಬೇರೆ ಯಾರದೋ ಕಾರು ಅದು. ಅದು ಹೋದ ಮೇಲೆ ಅವರಿಗೆ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಉಸಿರು ಒಳಗೆ ಹೋಗಲೊಲ್ಲದು. ಮುಖ ಕಪ್ಪಿಟ್ಟಿತು, ಗಂಟಲಿನಿಂದ ಸೀಟಿಯಂಥ ಸದ್ದು ಬರುತ್ತಿತ್ತು. ನಿಮ್ಮಪ್ಪ ಅವರನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. ನಿಮ್ಮಮ್ಮ ನಿಮ್ಮಿಬ್ಬರನ್ನೂ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯಲ್ಲಿ ಆ ಮಧ್ಯಾಹ್ನವೇ ಕತ್ತಿಗೆ ತೂತು ಮಾಡಿ ಉಸಿರಿಗೆ ನಳಿಗೆ ಹಾಕಿದರು, ದನಿ ಅಲ್ಲಿಗೇ ನಿಂತಿತು, ಸೋಮವಾರ ದನಿಪೆಟ್ಟಿಗೆಯನ್ನೂ ತೆಗೆದರು. ಭಾನುವಾರ ಟೇಪ್ ರೆಕಾರ್ಡರು ಊಟದ ಮೇಜಿನ ಮೇಲೆ ಹಾಗೇ ಇತ್ತು.

ಆ ಸ್ನೇಹಿತರು ವಾರ್ಡಿಗೆ ಬಂದದ್ದು ಆಮೇಲೆ. ಮೊದಲು ನನಗೆ ಗುರುತೇ ಸಿಗಲಿಲ್ಲ. ದಪ್ಪ ಮೀಸೆಯವರು, ಮೀಸೆ ತೆಗೆಸಿದ್ದರು. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಫೋನಿನ ಡಬ್ಬಿ. ಬಾಗಿಲ ಬಳಿಯೇ ನನ್ನೊಂದಿಗೆ ಶುರು ಮಾಡಿದರು.

"ತಪ್ಪು ತಿಳ್ಕೋಬೇಡಮ್ಮ. ಇಳಿದ ದಿನವೇ ಕಿಸುಮು ಊರಿಂದ ಸುದ್ದಿ ಬಂತು, ನಮ್ಮ ದೊಡ್ಡಪ್ಪನ ಮಗ ಹೋಗ್ಬಿಟ್ಟ. ಪೆಟ್ಟಿಗೆ ಮನೇಲಿಟ್ಟು ಹಾಗೇ ಹೊರಟೆ. ಹತ್ತು ದಿನದ ಸೂತಕ. ಆಪರೇಷನ್ನಿಗೆ ಹೊರಟೋನ ಮನೆಗೆ ಆ ಕೈಯಲ್ಲಿ ಹೊಸ ವಸ್ತು ಹೆಂಗೆ ಕಳಿಸಲಿ? ನಿಮ್ಮ ಹುಡುಗ ಫೋನ್ ಮಾಡಿದ್ದು ನೋಡ್ದೆ. ಎತ್ತಿದ್ರೆ ಸಾವಿನ ಸುದ್ದಿ ಹೇಳ್ಬೇಕು. ಅದಕ್ಕೇ ಎತ್ತಲಿಲ್ಲ. ಫೋನು ತಾನೆ, ನಾಲ್ಕು ದಿನ ತಡವಾದ್ರೇನು ಅನ್ಕೊಂಡೆ. ಇವತ್ತು ಶುದ್ಧವಾಗಿ ಸ್ನಾನ ಮಾಡಿ ನೇರ ಇಲ್ಲಿಗೇ ತಂದೆ."

ನಮ್ಮ ಮನೆಯಲ್ಲಿ ಸೂತಕವಾಗಿದ್ದರೆ ನಾವೂ ಹಾಗೆಯೇ ಮಾಡುತ್ತಿದ್ದೆವು. ಇನ್ನೊಬ್ಬರ ಮನೆಯ ಒಳ್ಳೆಯದಕ್ಕೆಂದು ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ನಾವೆಲ್ಲ ಚಿಕ್ಕಂದಿನಿಂದ ಕಲಿತವರು. ಅವರ ಮೇಲೆ ಸಿಟ್ಟು ಬರಲೆಂದು ಕಾದೆ, ಬರಲಿಲ್ಲ.

ಅವರು ಮಂಚದ ಬಳಿ ಹೋದರು. "ಏನಯ್ಯ, ಮಾತೇ ಆಡ್ತಿಲ್ಲ? ತಡವಾಯ್ತು ಅಂತ ಕೋಪವಾ?" ಎಂದರು. ಆಮೇಲೆ ಕತ್ತಿನ ಬಟ್ಟೆ ನೋಡಿದರು, ನಳಿಗೆ ನೋಡಿದರು. ನಿಮ್ಮಪ್ಪ ಅವರನ್ನು ಹೊರಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ಅವರು ಮತ್ತೆ ಒಳಗೆ ಬಂದಾಗ ತಾತ ಡಬ್ಬಿ ಬಿಚ್ಚಿ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಸ್ಪತ್ರೆಯವರು ಕೊಟ್ಟಿದ್ದ ಸ್ಲೇಟಿನ ಮೇಲೆ "ಚೆನ್ನಾಗಿದೆ" ಎಂದು ಬರೆದು ಅವರಿಗೆ ತೋರಿಸಿದರು. ಆ ದೊಡ್ಡ ಮನುಷ್ಯ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಮನೆಗೆ ಬಂದ ಮೇಲೆ ನಿಮ್ಮಪ್ಪ ಚೌಕಗಳನ್ನು ಜೋಡಿಸಿದ. ತಾನೇ ಹೇಳಿ ತುಂಬಿಸಲು ಹೊರಟ. ತಾತ ಬೇಡವೆಂದು ತಲೆಯಾಡಿಸಿ ನನ್ನ ಕಡೆ ಬೆರಳು ತೋರಿಸಿದರು. ನಾನು ಆಗುವುದಿಲ್ಲ ಎಂದೆ. ಎಲ್ಲರೂ ನೋಡುತ್ತಾ ಕೂತಿದ್ದರು. ತಾತ ತೋರಿಸಿದ ಬೆರಳನ್ನು ಇಳಿಸಲಿಲ್ಲ. ಕೊನೆಗೆ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿದೆ. "ನೀರು ಕೊಡೇ." "ದಿಂಬು ಎತ್ತು." "ಮಕ್ಕಳನ್ನ ಕರಿ." "ನೋವಾಗ್ತಿದೆ." ಅವರು ನನಗೆ ಹೇಳುವ ಮಾತುಗಳನ್ನು ನಾನು ನನಗೇ ಹೇಳಿಕೊಂಡೆ. ನೋವಿನ ಮಾತನ್ನು ತೀರ ಸಪ್ಪೆಯಾಗಿ, ಪಾಠ ಒಪ್ಪಿಸಿದಂತೆ ಹೇಳಿದೆ. ಆಮೇಲಿನ ತಿಂಗಳುಗಳಲ್ಲಿ ನಾನು ಒಲೆಯ ಮುಂದಿದ್ದಾಗ ಕೋಣೆಯಿಂದ ನನ್ನದೇ ದನಿ ಅದೇ ಸಪ್ಪೆಯಲ್ಲಿ ನೋವಾಗ್ತಿದೆ, ನೋವಾಗ್ತಿದೆ ಎನ್ನುತ್ತಿತ್ತು. ಓಡಿ ಹೋದರೆ ಮಂಚದ ಮೇಲೆ ಅವರು ಬೆವರಿನಲ್ಲಿ ತೊಯ್ದಿರುತ್ತಿದ್ದರು. ತಾತ ಯಾಕೆ ಅಜ್ಜಿಯ ಹಾಗೆ ಮಾತಾಡುತ್ತಾರೆ ಎಂದು ಚಿನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದ.

ಒಂದು ದಿನ ಅವರು ಸ್ಲೇಟಿನ ಮೇಲೆ "ಸಾಕು" ಎಂದು ಬರೆದು, ಅದಕ್ಕೂ ಒಂದು ಚೌಕ ಬೇಕು ಎಂದು ತೋರಿಸಿದರು. ಗಂಜಿ ಜಾಸ್ತಿ ಕೊಡುತ್ತೇನೆ, ಅದಕ್ಕೆ ಇರಬೇಕು ಎಂದುಕೊಂಡು ಹೇಳಿ ತುಂಬಿಸಿದೆ. ಮುಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರು, ಗಡ್ಡೆ ಮತ್ತೆ ಬಂದಿದೆ, ಇನ್ನೊಮ್ಮೆ ಕೊಯ್ದು ನೋಡಬಹುದು ಎಂದು ವಿವರಿಸುತ್ತಿದ್ದರು. ತಾತ ಡಾಕ್ಟರ ಮಾತು ಪೂರ್ತಿ ಕೇಳಿ, ಫೋನನ್ನು ಮಡಿಲಿಂದ ಎತ್ತಿ ಆ ಚೌಕ ಮುಟ್ಟಿದರು.

"ಸಾಕು."

ಡಾಕ್ಟರು ನನ್ನ ಕಡೆ ನೋಡಿದರು. ನಿಮ್ಮಪ್ಪನೂ ನನ್ನ ಕಡೆಯೇ ನೋಡಿದ. ನನ್ನ ಬಾಯಿ ಮುಚ್ಚಿತ್ತು. ಅವರು ಇನ್ನೊಂದು ಸಲ ಮುಟ್ಟಿದರು, ನನ್ನ ದನಿ ಇನ್ನೊಂದು ಸಲ ಹೇಳಿತು. ಡಾಕ್ಟರಿಗೆ ಅದರ ಅರ್ಥವನ್ನು ನಿಮ್ಮಪ್ಪನೇ ಇಂಗ್ಲಿಷಿನಲ್ಲಿ ಹೇಳಿದ. ಹಾಗನ್ನಬೇಡಿ, ಮಾಡಿಸಿಕೊಳ್ಳಿ ಎಂದು ನಾನು ಹೇಳಬೇಕಿತ್ತು ಅಂತ ಆಮೇಲೆ ಎಷ್ಟೋ ಜನ ಹೇಳಿದರು. ನನ್ನದೇ ದನಿ ಅಲ್ಲಿ ಅವರ ಮಾತು ಆಡಿ ಮುಗಿಸಿತ್ತು. ಅದಕ್ಕೆ ಎದುರಾಗಿ ಆಡಲು ನನ್ನಲ್ಲಿ ಇನ್ನೊಂದು ದನಿ ಇರಲಿಲ್ಲ.

ಮಳೆಗಾಲ ಮುಗಿಯುವ ಮುಂಚೆ ಅವರು ಹೋದರು.

ಅವರ ದನಿ ಎಲ್ಲೂ ಉಳಿದಿಲ್ಲ. ನಿಮ್ಮಪ್ಪನ ಮದುವೆಯ ವಿಡಿಯೋದಲ್ಲಿ ಕುರ್ಚಿ ಹೊತ್ತುಕೊಂಡು ಯಾರಿಗೋ ಏನೋ ಹೇಳುತ್ತಾರೆ, ಅಷ್ಟರಲ್ಲಿ ನಾದಸ್ವರ ಜೋರಾಗುತ್ತದೆ. ಅದಕ್ಕೆ ನನಗೆ ನೆನಪಿರುವಷ್ಟನ್ನು ಬರೆದಿಡುತ್ತೇನೆ. ಅವರು "ನೋಡು ಮತ್ತೆ" ಎಂದೇ ಮಾತು ಶುರು ಮಾಡುತ್ತಿದ್ದರು. ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ನಗುವ ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು ಬರುತ್ತಿತ್ತು. ನನ್ನನ್ನು ಕರೆಯುವಾಗ "ಎಲ್ಲಿದೀಯೇ" ಎಂಬುದರ ಕೊನೆಯನ್ನು ಎಳೆಯುತ್ತಿದ್ದರು, ನಾನು ಪಕ್ಕದಲ್ಲೇ ಇದ್ದರೂ.

ನಿಮಗೆ ಈ ಅಕ್ಷರಗಳನ್ನು ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಕೇಳಿದರೆ ನಿಮ್ಮಪ್ಪ ಓದಿ ಹೇಳುತ್ತಾನೆ, ನಡುವೆ ನಿಲ್ಲಿಸಿದರೆ ಅವಸರ ಮಾಡಬೇಡಿ. ಮನೆ ಬದಲಿಸುವಾಗ ಹಳೇ ಕಾಗದವೆಂದು ಯಾರಾದರೂ ಎಸೆದಾರು. ಈ ಹಾಳೆಗಳನ್ನು ನಿಮ್ಮ ಪಾಸ್‌ಪೋರ್ಟುಗಳ ಜೊತೆಯಲ್ಲಿ ಇಟ್ಟುಕೊಳ್ಳಿ.