ಹೆಣ್ಣು ನೋಡಲು ಬಂದವನ ವಿಡಿಯೋ

ನನ್ನ ಮಗಳನ್ನು ನೋಡಲು ಮಡಕಶಿರಾ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗ ಮತ್ತು ಅವನ ತಾಯಿ, ಅಷ್ಟೇ. ಹುಡುಗನಿಗೆ ಸಂಬಳದ ಕೆಲಸ, ಮಾತು ನಯ, ನೋಡಲೂ ಲಕ್ಷಣ. ರಾಯದುರ್ಗದಲ್ಲಿ ದಿನವಿಡೀ ಜೀನ್ಸ್ ಹೊಲಿದು ಮಗಳನ್ನು ಬೆಳೆಸಿದ ನನಗೆ ಇನ್ನೇನು ಬೇಕು? ಅವಳಿಗೂ ಮನಸ್ಸಾಗಿತ್ತು. ಮಂಡಕ್ಕಿ ತಟ್ಟೆ ಕೊಡುವಾಗ ಮುಖ ನೋಡಿಯೇ ತಿಳಿಯಿತು. ನಾನಂತೂ ಮನಸ್ಸಿನಲ್ಲೇ ಚಪ್ಪರ ಹಾಕಿಬಿಟ್ಟಿದ್ದೆ.

ಮಾತಿನ ನಡುವೆ ಯಾವುದೋ ದೇಶದಲ್ಲಿ ನಡೆಯುತ್ತಿರುವ ಯುದ್ಧದ ಸುದ್ದಿ ಬಂತು. ಹುಡುಗ ಫೋನ್ ತೆಗೆದ.

"ನೋಡಿ ಅತ್ತೆ, ಒಳ್ಳೆ ಕಾಮಿಡಿ ಐತೆ."

ಆಗಲೇ ಅತ್ತೆ ಆಗಿಬಿಟ್ಟಿದ್ದೆ! ಖುಷಿಯಿಂದಲೇ ಫೋನಿನ ಅಂಚು ಹಿಡಿದು ಬಗ್ಗಿ ನೋಡಿದೆ.

ಯಾರದೋ ಮನೆ. ಬಾಗಿಲ ಬಳಿ ಒಬ್ಬ ಮುದುಕನನ್ನು ಕೈ ಕಟ್ಟಿ ಕೂರಿಸಿದ್ದಾರೆ. ಒಳಗೆ ನುಗ್ಗುವ ಸೈನಿಕರು ಒಬ್ಬೊಬ್ಬರೂ ಅವನನ್ನು ಒದ್ದೇ ಹೋಗುತ್ತಾರೆ. ಒಳಗೆ ಬೀರು ಒಡೆದು ಆ ಮನೆಯ ಹೆಂಗಸಿನ ಬಟ್ಟೆ ಎಳೆದು ಹಾಕುತ್ತಾರೆ. ಒಬ್ಬ ಅವಳ ನೈಟಿಯನ್ನು ಸಮವಸ್ತ್ರದ ಮೇಲೇ ತೊಟ್ಟು ಸೊಂಟ ಕುಣಿಸುತ್ತಾನೆ. ಉಳಿದವರದು ಸಿಳ್ಳೆ, ಕೇಕೆ.

ಆ ನೈಟಿಗೆ ಎದೆಯ ಎರಡೂ ಬದಿ ಜಿಪ್ ಇತ್ತು. ಹಾಲುಣಿಸುವ ಬಾಣಂತಿಯದು. ಅವನು ಆ ಜಿಪ್ಪನ್ನು ಎಳೆದು ಎಳೆದು ನಗುತ್ತಿದ್ದ. ಥೂ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ. ಬೆಕ್ಕಿಗಾದರೂ ಹಸಿವಿರುತ್ತದೆ.

"ಆ ಬಾಣಂತಿ ಎಲ್ಲಿ ಹೋದಳ್ರಿ? ಕೂಸನ್ನ ಏನ್ ಮಾಡಿದ್ರು?" ಎಂದೆ.

"ಯಾವ ಬಾಣಂತಿ?" ಅವನಿಗೆ ನಿಜಕ್ಕೂ ತಿಳಿಯಲಿಲ್ಲ. "ಅದೆಲ್ಲ ಬಿಡಿ ಅತ್ತೆ, ಅವ್ನು ಎಂಗ್ ಕುಣೀತಾನೆ ನೋಡಿ" ಎಂದು ಮತ್ತೆ ಮೊದಲಿಂದ ಹಾಕಿ, ಹೊಟ್ಟೆ ಹಿಡಿದು ನಕ್ಕ.

ಕೊಲ್ಲುವವರು, ಮನೆ ಸುಡುವವರು ಎಲ್ಲ ಕಾಲದಲ್ಲೂ ಇದ್ದರು. ಇವರು ಅದನ್ನು ವಿಡಿಯೋ ಮಾಡಿ, ಜನ ನೋಡಿ ನಗಲಿ ಎಂದು ಊರೂರಿಗೆ ಬಿಟ್ಟಿದ್ದಾರೆ. ಅದಕ್ಕೆ ನನ್ನ ಪಡಸಾಲೆಯಲ್ಲೇ ಗಿರಾಕಿ ಸಿಕ್ಕಿದ್ದ. ನನಗೆ ಆ ಫೋನ್ ಮುಟ್ಟಿದ ಬೆರಳನ್ನೂ ತೊಳೆಯಬೇಕೆನಿಸಿತು.

ಅವನ ತಾಯಿಗೆ ಇದಾವುದರ ಪರಿವೆಯೂ ಇಲ್ಲ. ಚೀಲದಿಂದ ಸೀರೆ, ಕೊಬ್ಬರಿ ತೆಗೆದು, "ಬಾರಮ್ಮ, ಹುಡ್ಗಿ ಒಪ್ಗೆ ಆಗವ್ಳೆ, ಮಡ್ಲು ತುಂಬ್ತೀನಿ" ಎಂದರು. ಅವರ ಮಡ್ಲು ನಮ್ಮಲ್ಲಿ ಉಡಿ. ಸೆರಗೊಡ್ಡಿ ತುಂಬಿಸಿಕೊಂಡರೆ ಮದುವೆ ಗಟ್ಟಿಯಾದಂತೆ.

ಮಗಳು ನನ್ನ ಬೆನ್ನ ಹಿಂದೆಯೇ ನಿಂತು ಎಲ್ಲವನ್ನೂ ನೋಡಿದ್ದಳು. ಅವಳು ಸೆರಗನ್ನು ಒಡ್ಡಲಿಲ್ಲ, ಬಿಗಿಯಾಗಿ ಸುತ್ತಿಕೊಂಡಳು. ಒಂದು ಗಳಿಗೆ ನನಗೆ ಭಯವಾಯಿತು. ಇಂಥ ಸಂಬಂಧ ಮತ್ತೆ ಬರುತ್ತದೆಯೇ? ಆದರೂ ಅವಳಿಗೆ "ಒಡ್ಡು" ಎನ್ನಲು ನನಗೆ ಬಾಯಿ ಬರಲಿಲ್ಲ.

"ಬ್ಯಾಡ್ರಿ" ಎಂದಳು, ಅವನ ಫೋನಿನ ಕಡೆ ಕೈ ತೋರಿಸಿ.

ತಾಯಿ ತಬ್ಬಿಬ್ಬಾದರು. ಮಗನಿಂದ ವಿಷಯ ತಿಳಿದಾಗ ಅವರಿಗೆ ಸಿಟ್ಟೇ ಬಂತು. "ಎಲ್ಲೋ ದೂರದ ದೇಶದಾಗೆ ಯಾವನೋ ಮಾಡಿದ್ದಕ್ಕೆ ನನ್ ಮಗನ್ನ ಬ್ಯಾಡ ಅಂತೀಯಾ?"

ಮಗಳ ಕಣ್ಣು ತುಂಬಿತ್ತು, ದನಿ ಮಾತ್ರ ನಡುಗಲಿಲ್ಲ.

"ಮಾಡಿದ್ದು ದೂರ ಇರ್ಬೋದ್ರಿ. ನಕ್ಕಿದ್ದು ಇಲ್ಲೇ."