ಪಿಸ್ತೂಲು ಮುಟ್ಟಿದ ರಿಸೆಪ್ಷನಿಸ್ಟ್

ಫ್ಲೋರಿನ್ ಡಿಸೋಜಳ ಕತಾರ್ ಐಡಿಯಲ್ಲಿ ಉದ್ಯೋಗ ಎಂಬಲ್ಲಿ ರಿಸೆಪ್ಷನಿಸ್ಟ್ ಎಂದಿದೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಕಾರ್ಡು ಎಷ್ಟು ಸಲ ಹೊಸದಾಯಿತೋ, ಫೋಟೋದಲ್ಲಿ ಅವಳ ಕೂದಲು ಎಷ್ಟು ನರೆಯಿತೋ, ಆ ಒಂದು ಪದ ಮಾತ್ರ ಅಲ್ಲಾಡಲಿಲ್ಲ. ದೋಹಾದ ಹೊರವಲಯದ ಶೂಟಿಂಗ್ ಕ್ಲಬ್ಬಿಗೆ ಅವಳು ಬಂದದ್ದೂ ಅದಕ್ಕೇ. ಫೋನು ಎತ್ತಬೇಕು, ಸದಸ್ಯರ ಹೆಸರು ಬರೆದುಕೊಳ್ಳಬೇಕು, ಬಂದವರಿಗೆಲ್ಲ ನಗುಮುಖ ತೋರಿಸಬೇಕು. ಫೋನನ್ನು ಈಗಲೂ ಎತ್ತುತ್ತಾಳೆ. ನಗುಮುಖ ಹೋದ ವರ್ಷವೇ ಮುಗಿದುಹೋಗಿದೆ.

ಅವಳು ನಿಜಕ್ಕೂ ಮಾಡುವ ಕೆಲಸ ಬೇರೆ. ಸ್ಪರ್ಧೆಗೆ ಬಳಸುವ ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಒಬ್ಬೊಬ್ಬರ ಬೆರಳಿಗೆ ತಕ್ಕಂತೆ ಟ್ರಿಗರ್ ಹೊಂದಿಸುವುದು. ಮರದ ಹಿಡಿಯನ್ನು ಒಬ್ಬೊಬ್ಬರ ಅಂಗೈಗೆ ಕೂರುವ ಹಾಗೆ ಕೆತ್ತುವುದು. ಕ್ಲಬ್ಬಿನ ತೋಟಾ ಕೋಣೆಯಲ್ಲಿ ಕುಳಿತು ಖಾಲಿ ತೋಟಾಗಳಿಗೆ ಮದ್ದು ತೂಗಿ ತುಂಬುವುದು. ಇದನ್ನೆಲ್ಲ ಮಾಡುವವನಿಗೆ ಆರ್ಮರರ್ ಎಂದು ಹೆಸರು. ಮಾಡುವವಳಿಗೆ ಏನೆಂದು ಹೆಸರು ಎಂಬುದು ಮಾತ್ರ ಈ ಊರಿನ ಯಾವ ಕಚೇರಿಗೂ ಗೊತ್ತಿದ್ದ ಹಾಗಿಲ್ಲ.

ಶುರುವಾದದ್ದು ಹೀಗೆ. ಕ್ಲಬ್ಬಿನಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಹೆಂಗಸರ ಸಮಯ. ಆ ಹೊತ್ತಿನಲ್ಲಿ ಹಾಲ್‌ನೊಳಗೆ ಗಂಡಸರು ಕಾಲಿಡುವಂತಿಲ್ಲ. ಆಗಿನ ಆರ್ಮರರ್ ಉಳ್ಳಾಲದ ಹಂಝ. ಎಲ್ಲರ ಬಾಯಲ್ಲಿ ಹಂಝಾಕ. ಒಳಗೆ ಯಾರದಾದರೂ ಪಿಸ್ತೂಲು ಕೈಕೊಟ್ಟರೆ ಅದನ್ನು ಬಾಗಿಲ ತನಕ ತಂದು ಹಂಝಾಕನಿಗೆ ಕೊಡುವುದು ಫ್ಲೋರಿನ್. ಅದನ್ನು ಹಿಡಿದ ಕೈಯನ್ನೇ ನೋಡದೆ ಅವನು ಎಂತ ರಿಪೇರಿ ಮಾಡಿಯಾನು? ದಿನಕ್ಕೆ ಹತ್ತು ಸಲ ಒಳಗೂ ಹೊರಗೂ ಓಡಿ ಅವಳ ಕಾಲು ಸೋತಿತು, ಹೇಳಿ ಹೇಳಿ ಅವನ ಬಾಯಿ ಸೋತಿತು. ಕೊನೆಗೊಂದು ದಿನ ಹಂಝಾಕ ಸಣ್ಣ ಸ್ಕ್ರೂಡ್ರೈವರ್ ಒಂದನ್ನು ಅವಳ ಕೈಗಿಟ್ಟ.

"ಬಾಯಮ್ಮ, ನಿಮ್ಮ ಕಣ್ಣು ಒಳ್ಳೆದುಂಟು, ಕೈಯೂ ನಡುಗುದಿಲ್ಲ. ನೀವೇ ಕಲೀರಿ. ನನ್ನದಿನ್ನು ಖಲಾಸ್."

ಅದಾಗಿ ಹದಿನಾಲ್ಕು ವರ್ಷ. ಹಂಝಾಕ ಕಲಿಸಿದ್ದನ್ನೆಲ್ಲ ಕಲಿತಳು, ಅವನು ಕಲಿಸದ್ದನ್ನೂ ಕಲಿತಳು. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ನಾಲ್ಕು ಜನರ ಗುಂಡುಗಳು ಗುರಿಗಿಂತ ಮೇಲೆ ಬೀಳತೊಡಗಿದಾಗ ಎಲ್ಲರೂ ಮದ್ದು ತುಂಬಿದವಳನ್ನೇ ಬೈದರು. ಅವಳು ಎರಡು ದಿನ ತಕ್ಕಡಿಯ ಮುಂದೆ ಕುಳಿತು ಪ್ರತಿ ತೋಟಾವನ್ನೂ ಮತ್ತೆ ತೂಗಿದಳು. ತೂಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೂರನೆಯ ದಿನ ಪಾರ್ಕಿಂಗಿಗೆ ಹೋಗಿ ಆ ನಾಲ್ವರ ಕಾರುಗಳಲ್ಲಿ ಇಣುಕಿ ನೋಡಿದರೆ, ತೋಟಾ ಪೆಟ್ಟಿಗೆಗಳು ಹಿಂದಿನ ಸೀಟಿನಲ್ಲಿ ಜುಲೈ ಬಿಸಿಲಿಗೆ ಬೇಯುತ್ತಿದ್ದವು. ಬಿಸಿಯಾದ ಮದ್ದಿಗೆ ಸಿಟ್ಟು ಜಾಸ್ತಿ. ಯಾರೂ ಅವಳ ಕ್ಷಮೆ ಕೇಳಲಿಲ್ಲ. ಪೆಟ್ಟಿಗೆಗಳನ್ನು ಮಾತ್ರ ಅಂದಿನಿಂದ ಒಳಗೆ ತಂದಿಟ್ಟರು.

ಇಷ್ಟಾಗಿಯೂ ಕೆಲಸದ ಹಾಳೆಗೆ ಸಹಿ ಹಾಕುತ್ತಿದ್ದವನು ಹಂಝಾಕನೇ. ಅವಳಿಗೆ ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಹೋದ ವರ್ಷ ಹಂಝಾಕ ಕಣ್ಣು ಮಂಜಾಗಿ, ಇದ್ದದ್ದನ್ನು ಕಟ್ಟಿಕೊಂಡು ಊರಿಗೆ ಹೋದ. ಆರ್ಮರರ್ ಹುದ್ದೆ ಖಾಲಿಯಾಯಿತು. ಫ್ಲೋರಿನ್ ಒಂದು ಅರ್ಜಿ ಬರೆದಳು. ಅಲ್ಲಿಂದ ಶುರುವಾಯಿತು ಅವಳ ಗೋಳು.

ಮುಶೈರಿಬ್‌ನ ಹೆಡ್ ಆಫೀಸಿನಲ್ಲಿ ಎಚ್ಆರ್ ನೋಡಿಕೊಳ್ಳುವವನು ಮೈಸೂರಿನ ರಾಕೇಶ್. ಒಳ್ಳೆಯ ಹುಡುಗ ಎಂದೇ ಹೇಳಬೇಕು, ಹಾಗೆ ಹೇಳಲು ಹೊಟ್ಟೆ ಉರಿದರೂ. ಕೂರಿಸಿ, ಚಹಾ ತರಿಸಿ, ಮೆತ್ತಗೆ ಇಲ್ಲ ಅನ್ನುತ್ತಾನೆ.

"ಮೇಡಂ, ಆರ್ಮರರ್ ಅಂದ್ರೆ ಸರ್ಟಿಫಿಕೇಟ್ ಬೇಕೇ ಬೇಕು. ಸರ್ಟಿಫಿಕೇಟ್ ಇದ್ರೆ ಪ್ರೊಫೆಷನ್ ಚೇಂಜ್‌ಗೆ ನಾನೇ ಹಾಕ್ತೀನಿ."

ಸರಿ. ಸರ್ಟಿಫಿಕೇಟ್ ಕೊಡುವ ಕೋರ್ಸು ಯುರೋಪಿನಲ್ಲಿ. ಅಲ್ ಹಿಲಾಲ್‌ನ ಫ್ಲಾಟಿನಲ್ಲಿ ಮಗಳು ಜೋಆನ್ ಲ್ಯಾಪ್‌ಟಾಪ್ ಹಿಡಿದು ಕುಳಿತು ಅರ್ಜಿ ತುಂಬಿಸಿದಳು. ಎರಡು ವಾರಕ್ಕೆ ಅವರ ಉತ್ತರ ಬಂತು. ಅಭ್ಯರ್ಥಿ ಸ್ಪರ್ಧಾ ಪಿಸ್ತೂಲುಗಳ ಮೇಲೆ ಕೆಲಸ ಮಾಡುತ್ತಿರುವುದಕ್ಕೆ ಉದ್ಯೋಗದಾತರ ಲೆಟರ್‌ಹೆಡ್‌ನಲ್ಲಿ, ಸೀಲು ಸಹಿತ, ಪುರಾವೆ ಬೇಕು. ಫ್ಲೋರಿನ್ ಮತ್ತೆ ಮೆಟ್ರೊ ಹತ್ತಿ ಮುಶೈರಿಬ್‌ಗೆ ಹೋದಳು.

"ಅದು ಕಷ್ಟ ಮೇಡಂ," ಎಂದ ರಾಕೇಶ್. "ಐಡೀಲಿ ಏನಿದ್ಯೋ ಅದನ್ನೇ ಲೆಟರ್‌ನಲ್ಲಿ ಬರೀಬೇಕು. ನಿಮ್ದು ರಿಸೆಪ್ಷನಿಸ್ಟ್. ಬೇರೆ ಬರದ್ರೆ ನನ್ ಕೆಲ್ಸ ಹೋಗುತ್ತೆ."

"ಐಡಿ ಬದಲಾಗ್ಲಿಕ್ಕೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟಿಗೆ ಲೆಟರ್ ಬೇಕು. ಲೆಟರಿಗೆ ಐಡಿ ಬದಲಾಗ್ಬೇಕು. ಇದೆಂತ ಮಾರಾಯ್ರೆ, ನನ್ನನ್ನು ಸುತ್ತಿಸ್ಲಿಕ್ಕೇ ಮಾಡಿದ್ದಾ?"

"ಏನ್ಮಾಡ್ಲಿ ಮೇಡಂ, ಸಿಸ್ಟಮ್ ತಗೊಳಲ್ಲ."

ಇದೇ ಮಾತು ಒಂದು ವರ್ಷದಲ್ಲಿ ಮೂರು ಸಲ ನಡೆಯಿತು. ಮೂರು ಸಲವೂ ಚಹಾ ಚೆನ್ನಾಗಿತ್ತು. ಮೂರನೆಯ ಸಲ ವಾಪಸು ಬರುವಾಗ ಮೆಟ್ರೊದಲ್ಲಿ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಬಯ್ಯೋಣವೆಂದರೆ ಯಾರನ್ನು ಬಯ್ಯುವುದು? ಬಾಯಿಬಿಟ್ಟು ಅನ್ಯಾಯ ಮಾಡುವವನಾದರೆ ಎದುರು ನಿಂತು ನಾಲ್ಕು ಮಾತಾಡಬಹುದು. ಇಲ್ಲಿ ಎಲ್ಲರೂ ಸಭ್ಯರು.

ಅಷ್ಟರಲ್ಲಿ ಹುದ್ದೆಗೆ ಬೆಂಗಳೂರಿನಿಂದ ಕಾರ್ತಿಕ್ ಬಂದ. ಮೂವತ್ತೈದರ ಆಸಾಮಿ, ಸರ್ಟಿಫಿಕೇಟನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ. ವಿಮಾನ ನಿಲ್ದಾಣದಿಂದ ಅವನನ್ನು ಕರೆತರಲು ಕಾರು ಬುಕ್ ಮಾಡಿದ್ದು, ರಿಸೆಪ್ಷನಿಸ್ಟ್ ಆದ್ದರಿಂದ, ಫ್ಲೋರಿನ್. ಯಾವ ಪಿಸ್ತೂಲಿಗೆ ಯಾವ ಕಾಯಿಲೆ ಎಂದು ಅವನಿಗೆ ತಿಳಿಸಿಕೊಟ್ಟಿದ್ದೂ ಅವಳೇ. ಕಾರ್ತಿಕ್ ಕೆಟ್ಟವನಲ್ಲ. "ನೀವಿಲ್ದಿದ್ರೆ ನಾನ್ ಸತ್ತೇ ಹೋಗ್ತಿದ್ದೆ ಮೇಡಂ" ಎಂದು ದಿನಕ್ಕೆರಡು ಸಲ ಅನ್ನುತ್ತಿದ್ದ. ಆಮೇಲೆ ಹಾಳೆಗೆ ತನ್ನ ಸಹಿ ಹಾಕುತ್ತಿದ್ದ.

ಹೆಂಗಸರ ಸಮಯದಲ್ಲಿ ಅವನಿಗೂ ಒಳಗೆ ಪ್ರವೇಶವಿಲ್ಲವಲ್ಲ, ಹಾಗಾಗಿ ಅಲ್ಲಿಯ ದುಡಿತ ಎಂದಿನಂತೆ ಫ್ಲೋರಿನ್‌ದೇ. ಕಾಗದದಲ್ಲಿ ಇಲ್ಲದ ಕೆಲಸ, ಕಾಗದದಲ್ಲಿ ಇಲ್ಲದ ಕೈ. ಮೂರನೆಯ ಚಹಾ ಕುಡಿದು ಬಂದ ಮರುದಿನ ಅವಳು ತನ್ನ ಸ್ಕ್ರೂಡ್ರೈವರುಗಳ ಚೀಲವನ್ನು ಕಾರ್ತಿಕ್‌ನ ಮೇಜಿನ ಮೇಲಿಟ್ಟಳು.

"ಇನ್ನು ನಾನು ರಿಸೆಪ್ಷನಿಸ್ಟ್ ಮಾತ್ರ. ಪಿಸ್ತೂಲು ಮುಟ್ಟುದಿಲ್ಲ."

"ಮೇಡಂ, ಅಲ್ಲಿ ಒಳಗಡೆ ಯಾರ್ ನೋಡ್ತಾರೆ?"

"ನನಗೆ ಹೇಗೆ ಗೊತ್ತುಂಟು? ಸಿಸ್ಟಮ್‌ನ ಹತ್ರ ಕೇಳಿ."

ಮೂರು ವಾರ ಅವಳು ಬರೀ ಫೋನು ಎತ್ತಿದಳು. ಆ ಮೂರು ವಾರದ ಸುಖ ದೇವರಿಗೇ ಪ್ರೀತಿ. ಒಳಗೆ ಯಾರದೋ ಪಿಸ್ತೂಲು ಕ್ಲಿಕ್ಕೆಂದ ಸದ್ದಿಗೇ ಇದರ ಸ್ಪ್ರಿಂಗ್ ಸಡಿಲ, ಅದರ ಸ್ಕ್ರೂ ಬಿಗಿ ಎಂದು ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಕುರ್ಚಿಗೆ ಅಂಟಿಕೊಂಡು ಕುಳಿತಿರಬೇಕು. ಸದಸ್ಯರು ಬಂದು ಬೇಡಿದರು, ಮುನಿಸಿಕೊಂಡರು. ಕ್ಲಬ್ಬಿನ ಮ್ಯಾನೇಜರ್ ಮಾತ್ರ ಏನನ್ನೂ ಗಮನಿಸಲಿಲ್ಲ. ತಾನು ಹಟ ಹಿಡಿದದ್ದು ಯಾರಿಗೆ ತಟ್ಟಬೇಕಿತ್ತೋ ಅವರಿಗೆ ಗೊತ್ತೇ ಇಲ್ಲ ಎಂದು ತಿಳಿದಾಗ ಅವಳಿಗೆ ಅಳುವೇ ಬಂತು.

ಬೇಡಿದವರಲ್ಲಿ ಒಬ್ಬಳ ಹೆಸರು ನೂರಾ. ಕತಾರಿ ಹೆಣ್ಣುಮಗಳು, ಶಾಲೆಯ ಟೀಚರ್, ಆರು ವರ್ಷದಿಂದ ಫ್ಲೋರಿನ್‌ಳ ಕೈಯ ಟ್ರಿಗರಿಗೇ ಒಗ್ಗಿದವಳು. ಟ್ರಿಗರ್ ಭಾರ ಎನ್ನುವುದು ಅವಳ ಎಂದಿನ ದೂರು. ನಿಯಮದ ಪ್ರಕಾರ ಆ ಟ್ರಿಗರ್ ಸಾವಿರ ಗ್ರಾಂ ತೂಕವನ್ನು ಜಾರದೆ ಎತ್ತಬೇಕು; ಅದಕ್ಕಿಂತ ಹಗುರವಾದರೆ ಪಿಸ್ತೂಲು ಹೊರಗೆ. ಭಾರ ಎಂದು ಅವಳು ಹೇಳುವುದು ನಿಜವಾಗಿ ಭಾರವನ್ನಲ್ಲ, ಗುಂಡು ಹಾರುವ ಮುಂಚೆ ಬೆರಳಿಗೆ ಸಿಗುವ ಒಂದು ಸಣ್ಣ ಎಳೆತವನ್ನು ಎಂದು ಫ್ಲೋರಿನ್‌ಗೆ ಮೊದಲ ವರ್ಷವೇ ಹೊಳೆದಿತ್ತು. ಆ ಎಳೆತವನ್ನಷ್ಟೇ ತೆಗೆದು, ತೂಕವನ್ನು ಮಿತಿಗಿಂತ ಸ್ವಲ್ಪ ಮೇಲೆಯೇ ಬಿಟ್ಟು, "ಹಗುರ ಮಾಡಿದ್ದೇನೆ ನೋಡು" ಎಂದು ಕೊಡುತ್ತಿದ್ದಳು. ನೂರಾ ಖುಷಿಯಾಗಿ ಹೋಗುತ್ತಿದ್ದಳು. ಇದು ಯಾವ ಪುಸ್ತಕದಲ್ಲೂ ಇಲ್ಲ. ಈ ಸಲ ನೂರಾ ತನ್ನ ಪಿಸ್ತೂಲನ್ನು ಕಾರ್ತಿಕ್‌ಗೆ ಕಳಿಸಿ, ಭಾರ ಎಂದಳು. ಕಾರ್ತಿಕ್ ಪಾಪ, ಅವಳ ಮಾತನ್ನು ನಂಬಿ ಸರಿಯಾಗಿ ಸಾವಿರಕ್ಕೆ ಇಳಿಸಿಬಿಟ್ಟ.

ಹೆಂಗಸರ ಚಾಂಪಿಯನ್‌ಷಿಪ್ ದಿನ ಬಂತು. ಪಿಸ್ತೂಲು ನಡುವೆ ನೂರಿನ್ನೂರು ಗುಂಡು ಹಾರಿಸಿತ್ತು, ಸ್ಪ್ರಿಂಗ್ ತುಸು ಸೋತಿತ್ತು. ತಪಾಸಣೆಯ ಮೇಜಿನಲ್ಲಿ ಟ್ರಿಗರಿಗೆ ತೂಕ ನೇತುಹಾಕಿ ಎತ್ತಿದರೆ ಟಕ್ಕೆಂದು ಬಿಟ್ಟುಕೊಟ್ಟಿತು. ಮತ್ತೆ ಎತ್ತಿದರು, ಮತ್ತೆ ಟಕ್. ತಪಾಸಣೆಯ ಹೆಂಗಸು ಗಡಿಯಾರ ನೋಡಿ, ಹದಿನೈದು ನಿಮಿಷದಲ್ಲಿ ಸರಿಮಾಡಿಸಿ ತರದಿದ್ದರೆ ನೂರಾಳ ಹೆಸರು ಹೊಡೆಯುವುದಾಗಿ ಹೇಳಿದಳು. ತಪಾಸಣೆಗೆ ಬಂದ ಪಿಸ್ತೂಲು ಹಾಲ್ ದಾಟಿ ಹೊರಗೆ ಹೋಗುವಂತಿಲ್ಲ. ಕಾರ್ತಿಕ್ ಬಾಗಿಲು ದಾಟಿ ಒಳಗೆ ಬರುವಂತಿಲ್ಲ.

ನೂರಾ ಹಾಲ್‌ನೊಳಗಿನ ಕೌಂಟರಿಗೆ ಬಂದು ಪಿಸ್ತೂಲನ್ನು ಫ್ಲೋರಿನ್‌ಳ ಮುಂದೆ ಇಟ್ಟಳು.

"ಯಲ್ಲಾ ಫ್ಲೋರಿನ್, ಪ್ಲೀಸ್."

"ನಾನು ರಿಸೆಪ್ಷನಿಸ್ಟ್," ಎಂದಳು ಫ್ಲೋರಿನ್. ಹೇಳಿ ಎದುರಿನ ರಿಜಿಸ್ಟರ್ ತೆರೆದಳು. ಒಂದು ಅಕ್ಷರವೂ ಕಣ್ಣಿಗೆ ಹತ್ತಲಿಲ್ಲ. ನೂರಾ ಜಗಳವಾಡಲಿಲ್ಲ, ಪಿಸ್ತೂಲನ್ನು ಇನ್ನಷ್ಟು ಹತ್ತಿರ ಸರಿಸಿದಳು. ಒಂದು ನಿಮಿಷವಾಯಿತು, ಎರಡಾಯಿತು. ಇವಳೇನು ಮಾಡಿದ್ದಾಳೆ, ಇವಳಿಂದಲ್ಲವಲ್ಲ ನನ್ನ ಸಂಕಟ ಎಂದು ಒಂದು ಕಡೆ. ಈಗ ಕೈಚಾಚಿದರೆ ಮೂರು ವಾರ ಹಲ್ಲು ಕಚ್ಚಿ ಕುಳಿತದ್ದೆಲ್ಲ ನೀರುಪಾಲು ಎಂದು ಇನ್ನೊಂದು ಕಡೆ. ಅವಳು ಇನ್ನೂ ತೀರ್ಮಾನ ಮಾಡಿರಲಿಲ್ಲ, ಕೈ ಆಗಲೇ ಪಿಸ್ತೂಲಿನ ಹಿಡಿಯನ್ನು ಕಳಚುತ್ತಿತ್ತು. ಚೀಲ ಕಾರ್ತಿಕ್‌ನ ಹತ್ತಿರವಿತ್ತು. ಮಗಳ ಕನ್ನಡಕ ರಿಪೇರಿಗೆಂದು ಬ್ಯಾಗಿನಲ್ಲಿದ್ದ ಸ್ಕ್ರೂಡ್ರೈವರ್ ಸಾಕಾಯಿತು. ನಾಲ್ಕು ನಿಮಿಷ. ತಪಾಸಣೆಯ ಮೇಜಿನ ಮೇಲೆ ಟ್ರಿಗರ್ ತೂಕವನ್ನು ಎತ್ತಿ ಹಿಡಿಯಿತು. ನೂರಾ ಅಂದು ಐದನೆಯವಳಾಗಿ ಬಂದಳು.

ಮನೆಗೆ ಹೋದ ಫ್ಲೋರಿನ್, ಮಾಡಿಟ್ಟ ಅನ್ನ ಉಣ್ಣಲಿಲ್ಲ. "ವೈ ಆರ್ ಯು ಸೋ ಆಂಗ್ರಿ ಮಮ್ಮಿ, ನೀನು ಹೆಲ್ಪ್ ಮಾಡಿದ್ದಲ್ವಾ?" ಎಂದಳು ಜೋಆನ್.

"ನನ್ನ ಮೇಲೆಯೇ ಸಿಟ್ಟು. ಒಂದು ಹಟ ಹಿಡೀಲಿಕ್ಕೂ ಗೊತ್ತಿಲ್ಲ ನನಗೆ."

ನಾಲ್ಕನೇ ದಿನ ಮುಶೈರಿಬ್‌ನಿಂದ ಕರೆ ಬಂತು. ಇನ್ನೊಂದು ಕ್ಲಬ್ಬಿನ ಕೋಚ್, ರಿಸೆಪ್ಷನಿಸ್ಟ್ ಒಬ್ಬಳು ಪಿಸ್ತೂಲು ಬಿಚ್ಚಿದಳೆಂದು ದೂರು ಕೊಟ್ಟಿದ್ದಳು. ರಾಕೇಶ್ ಈ ಸಲ ಚಹಾ ತರಿಸಲಿಲ್ಲ. ಮುಖ ತಗ್ಗಿಸಿಕೊಂಡು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದ. ಎಚ್ಚರಿಕೆ ಪತ್ರ. ಇನ್ನೊಂದು ಇಂಥದ್ದು ಬಂದರೆ ಕೆಲಸ ಹೋಗುತ್ತದೆ.

"ಸಾರಿ ಮೇಡಂ. ಮ್ಯಾನೇಜರ್ ಬಿಡ್ಲಿಲ್ಲ. ಇಲ್ಲೊಂದು ಸೈನ್ ಮಾಡಿ."

ಫ್ಲೋರಿನ್ ಓದಿದಳು. ಹತ್ತೊಂಬತ್ತು ವರ್ಷಕ್ಕೆ ಕೊನೆಗೆ ಸಿಕ್ಕಿದ್ದು ಇದು. ಪೆನ್ನು ತೆಗೆದುಕೊಂಡವಳು ಸಹಿ ಹಾಕದೆ ಎರಡನೆಯ ಸಲ ಓದಿದಳು. ಈ ಸಲ ಮೆಲ್ಲಗೆ, ಸಾಲು ಸಾಲಾಗಿ ಓದಿದಳು. ಸದರಿ ನೌಕರರು ತಮ್ಮ ಉದ್ಯೋಗದ ವ್ಯಾಪ್ತಿಯನ್ನು ಮೀರಿ ಹನ್ನೊಂದು ವರ್ಷಗಳಿಂದ ಸ್ಪರ್ಧಾ ಪಿಸ್ತೂಲುಗಳ ಟ್ರಿಗರ್ ಹೊಂದಿಸುತ್ತ, ಹಿಡಿ ಕೆತ್ತುತ್ತ, ತೋಟಾ ತುಂಬುತ್ತ ಬಂದಿರುತ್ತಾರೆ, ಎಂದಿತ್ತು.

"ರಾಕೇಶ್, ಇದು ಲೆಟರ್‌ಹೆಡ್ ಅಲ್ವಾ?"

"ಹೌದು ಮೇಡಂ."

"ಈ ಹನ್ನೊಂದು ವರ್ಷದ್ದು ಎಲ್ಲ ನೀವೇ ಬರೆದದ್ದಾ?"

"ಹಿಸ್ಟರಿ ಹಾಕು, ಸೀರಿಯಸ್ಸಾಗಿ ಕಾಣ್ಬೇಕು ಅಂದ್ರು. ಕ್ಲಬ್ಬಲ್ಲಿ ಎಲ್ರನ್ನೂ ಕೇಳಿ ಹಾಕ್ದೆ. ಯಾಕ್ ಮೇಡಂ, ತಪ್ಪಿದ್ಯಾ?"

"ಒಂದು ತಪ್ಪುಂಟು," ಎಂದಳು ಫ್ಲೋರಿನ್. "ಹನ್ನೊಂದಲ್ಲ, ಹದಿನಾಲ್ಕು ವರ್ಷ. ಸರಿ ಮಾಡಿ ಇನ್ನೊಂದು ಪ್ರಿಂಟ್ ತೆಗೀರಿ, ಸೈನ್ ಮಾಡ್ತೇನೆ. ಮತ್ತೆ ಸೀಲು ಸ್ವಲ್ಪ ಗಟ್ಟಿ ಒತ್ತಿ ಮಾರಾಯ್ರೆ. ಯುರೋಪಿನವರಿಗೆ ಓದ್ಲಿಕ್ಕೆ ಆಗ್ಬೇಕು."