ಹರಿಹರ ರಸ್ತೆಯ ಮೀನಕ್ಕ

ಮೀನಾಕ್ಷಿ ಹೋಮ್‌ಗಾರ್ಡ್ ಸೇರಿದ್ದು ಗಂಡ ಕೆಲಸಕ್ಕಿದ್ದ ಬಟ್ಟೆಗಿರಣಿ ಮುಚ್ಚಿದ ವರ್ಷ. ಗೇಟಿಗೆ ಬೀಗ ಬಿದ್ದ ಮೇಲೂ ಪರಶುರಾಮ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಆನೆಕೊಂಡದ ಮನೆಯ ಕಟ್ಟೆಯ ಮೇಲೆ ಕೂತು ಸೈರನ್ ಕೂಗುತ್ತದೇನೋ ಎಂದು ಕಿವಿಗೊಡುತ್ತಿದ್ದ. ಆ ಮೌನ ನೋಡಲಾಗದೆ ಅವಳೇ ಹೊರಗೆ ಹೊರಟಳು. ಖಾಕಿ ಅಂಗಿ ಪ್ಯಾಂಟು ತೊಟ್ಟ ಮೊದಲ ದಿನ ಓಣಿಯ ಕಣ್ಣು ತಪ್ಪಿಸಲು ಹೆಗಲ ಮೇಲೆ ದೊಡ್ಡ ಟವೆಲ್ ಹೊದ್ದುಕೊಂಡಿದ್ದಳು. ಮುಖ್ಯರಸ್ತೆ ಸಿಕ್ಕ ಕೂಡಲೇ ಅದನ್ನು ಮಡಚಿ ಚೀಲಕ್ಕೆ ತುರುಕಿದಳು.

ಡ್ಯೂಟಿ ಬಿದ್ದದ್ದು ಹಳೇ ಪಿ.ಬಿ. ರಸ್ತೆಯಲ್ಲಿ, ದಾವಣಗೆರೆಯಿಂದ ಹರಿಹರದ ಕಡೆ ಹೋಗುವಾಗ ಸಿಗುವ ಒಂದು ಶಾಲೆಯ ಎದುರು. ಶಾಲೆ ಒಂದು ಬದಿ, ಮನೆಗಳೆಲ್ಲ ಇನ್ನೊಂದು ಬದಿ. ಬೆಳಿಗ್ಗೆ ಮಕ್ಕಳನ್ನು ಆ ಕಡೆಗೆ ದಾಟಿಸುವುದು, ಸಂಜೆ ಈ ಕಡೆಗೆ. ಕೇಳಲು ಸಣ್ಣ ಕೆಲಸ. ಆದರೆ ಆಗ ಆ ರಸ್ತೆಯಲ್ಲಿ ಖಾಸಗಿ ಬಸ್ಸುಗಳ ಪೈಪೋಟಿ ಜೋರು. ಒಂದರ ಹಿಂದೆ ಇನ್ನೊಂದು, ಮುಂದಿನ ಸ್ಟಾಪಿನ ಪ್ಯಾಸೆಂಜರು ತನಗೇ ಸಿಗಬೇಕೆಂದು ಓಡುತ್ತಿದ್ದವು.

ಅವುಗಳಲ್ಲಿ ಎಲ್ಲಕ್ಕಿಂತ ಜೋರಿನದು ಹರಿಹರದ ಗೋಣೆಪ್ಪ ಓಡಿಸುವ ಬಸ್ಸು. ಒಂದು ಬೆಳಿಗ್ಗೆ ಮಕ್ಕಳು ಅಂಚಿನಲ್ಲಿ ನಿಂತಿರುವಾಗ ಅದು ದೂಳೆಬ್ಬಿಸಿಕೊಂಡು ಬಂತು. ಮೀನಾಕ್ಷಿ ಸೀಟಿ ಊದಿದಳು. ನಿಲ್ಲುವ ಲಕ್ಷಣ ಕಾಣಲಿಲ್ಲ. ಅವಳು ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಬಸ್ಸು ಕಿರ್ರೆಂದು ನಿಂತಾಗ ರೇಡಿಯೇಟರಿನ ಕಾವು ಅವಳ ಮುಖಕ್ಕೆ ಹೊಡೆಯಿತು. ಗೋಣೆಪ್ಪ ಬಾಗಿಲು ತೆಗೆದು ಕೆಳಗೆ ಹಾರಿದ.

“ಸಾಯಾಕ ಬಂದೀಯೇನವ್ವಾ?”

“ಸಾಯಾಕಲ್ಲ, ಹುಡುಗ್ರನ್ನ ದಾಟ್ಸಾಕ ಬಂದೀನಿ. ಹೆಂಗೂ ಇಳಿದೀಯಲ್ಲ, ಆ ಸಣ್ಣವರ ಕೈ ಹಿಡ್ಕಂಡು ನಡಿ.”

ಬಸ್ಸಿನೊಳಗೆ ಜನ ನಕ್ಕರು. ಗೋಣೆಪ್ಪ ಒಂದು ಗಳಿಗೆ ಅವಳನ್ನೇ ದುರುಗುಟ್ಟಿ ನೋಡಿದ. ಆಮೇಲೆ ಏನನ್ನಿಸಿತೋ, ಇಬ್ಬರು ಹುಡುಗಿಯರ ಕೈ ಹಿಡಿದು ರಸ್ತೆ ದಾಟಿಸಿ ಬಂದ. ಮರುದಿನದಿಂದ ದೂರದಲ್ಲೇ ವೇಗ ಇಳಿಸುತ್ತಿದ್ದ. ಕಿಟಕಿಯಿಂದ ತಲೆ ಹೊರಹಾಕಿ, “ಮೀನಕ್ಕಾ, ಟೈಮಿಂಗ್ ಐತೆ, ಲಗೂನ ಬಿಡು” ಎನ್ನುತ್ತಿದ್ದ. “ಈ ಹುಡುಗರಿಗೂ ಬೆಲ್ಲಿನ ಟೈಮಿಂಗ್ ಐತೆ, ನಿಲ್ಲು” ಎನ್ನುತ್ತಿದ್ದಳು ಅವಳು. ಅವನು ಕರೆದ ಆ ಹೆಸರೇ ರಸ್ತೆಯಲ್ಲೆಲ್ಲ ಹಬ್ಬಿತು.

ಆ ದಿನಗಳನ್ನು ನೆನೆಸಿಕೊಂಡರೆ ಮೀನಕ್ಕನಿಗೆ ಈಗಲೂ ಮೈ ಹಗುರಾಗುತ್ತದೆ. ರಸ್ತೆ ಆಗ ಇಷ್ಟು ಅಗಲವಿರಲಿಲ್ಲ. ಎದುರಿನ ಅಂಗಡಿಯವನ ಜೊತೆ ಇಲ್ಲಿಂದಲೇ ಮಾತಾಡಬಹುದಿತ್ತು. ಗಾಡಿ ನಡೆಸುವವರ ಮುಖ ಕಾಣುತ್ತಿತ್ತು. ಕುಕ್ಕುವಾಡದಿಂದ ತರಕಾರಿ ತರುವ ಗೋಣೆಪ್ಪನ ಬೀಗರು ಒಂದು ಹಿಡಿ ಮೆಂತ್ಯೆಸೊಪ್ಪು ಅವಳ ಕೈಗಿಟ್ಟು ಮುಂದೆ ಹೋಗುವರು. ಮನೆಯಲ್ಲಿ ಬುತ್ತಿ ಮರೆತುಬಂದ ಕ್ಲೀನರನಿಗೆ ಅವನ ಹೆಂಡತಿ ಮೀನಕ್ಕನ ಬಳಿ ಡಬ್ಬಿ ಇಟ್ಟು ಹೋಗುವಳು; ಬಸ್ಸು ಬಂದಾಗ ಮೀನಕ್ಕ ಅದನ್ನು ಕಿಟಕಿಗೆ ಎತ್ತಿ ಕೊಡುವಳು. ಬೈಗುಳವೂ ಇತ್ತು, ಇಲ್ಲವೆಂದಲ್ಲ. ಆದರೆ ಬೈದವರು ಮರುದಿನ ಮತ್ತೆ ಅದೇ ರಸ್ತೆಯಲ್ಲಿ ಬರಬೇಕಿತ್ತು, ಅವಳ ಕಣ್ಣು ನೋಡಬೇಕಿತ್ತು.

ಅಂಥ ರಸ್ತೆಯಲ್ಲೇ ಆ ಶಾಲೆಯ ಚೌಡೇಶ್ವರಿ ಎಂಬ ಹುಡುಗಿಯ ಕಾಲು ಮುರಿಯಿತು. ಅವಳು ಆಗ ಮೂರನೇ ಇಯತ್ತೆ. ಮೀನಕ್ಕ ಕೈ ಎತ್ತಿದ್ದಳು, ಗೋಣೆಪ್ಪನ ಬಸ್ಸು ನಿಂತಿತ್ತು, ಮಕ್ಕಳು ಹೆಜ್ಜೆ ಇಟ್ಟಿದ್ದರು. ನಿಂತ ಬಸ್ಸಿನ ಹಿಂದಿನಿಂದ ಒಂದು ಗೂಡ್ಸ್ ಗಾಡಿ ಬಲಕ್ಕೆ ನುಗ್ಗಿ ಬಂದು ಹುಡುಗಿಯನ್ನು ಎತ್ತಿ ಬಿಸಾಡಿ, ನಿಲ್ಲದೆ ಹೋಯಿತು. ಯಾರಿಗೂ ನಂಬರ್ ಕಾಣಲಿಲ್ಲ. ಮೀನಕ್ಕ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಗೋಣೆಪ್ಪ ತುಂಬಿದ ಬಸ್ಸನ್ನು ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಸೀದಾ ಆಸ್ಪತ್ರೆಗೆ ಹೊಡೆದ.

“ಮೀನಕ್ಕಾ, ಇವತ್ತೊಂದಿನ ಬೈಬ್ಯಾಡ,” ಎಂದ, ಹಿಂತಿರುಗಿ ನೋಡದೆ.

“ಇನ್ನೂ ಜೋರು ಹೊಡಿಯಪ್ಪಾ,” ಎಂದಳು ಅವಳು.

ಹುಡುಗಿ ಬದುಕಿದಳು. ಕಾಲು ಸ್ವಲ್ಪ ಗಿಡ್ಡವಾಯಿತು. ಆ ಗಾಡಿ ಸಿಗಲೇ ಇಲ್ಲ.

ಕಾಲ ಸರಿಯಿತು. ಗೋಣೆಪ್ಪ ಸ್ಟೇರಿಂಗ್ ಬಿಟ್ಟು ಹರಿಹರದಲ್ಲಿ ಮನೆ ಹಿಡಿದು ಕೂತ. ರಸ್ತೆ ಅಗಲವಾಯಿತು, ಮಧ್ಯೆ ಕಾಂಕ್ರೀಟ್ ಗೋಡೆ ಬಂದು ಶಾಲೆಯ ಎದುರಷ್ಟೇ ದಾಟಲು ಸಂದು ಉಳಿಯಿತು, ಕಾರುಗಳ ಗಾಜು ಮೇಲೇರಿ ಮುಖಗಳು ಮಾಯವಾದವು. ಹಂಪ್ಸ್ ಹಾಕಿದರು, ಕಿತ್ತರು, ಮತ್ತೆ ಹಾಕಿದರು. ಕೊನೆಗೆ ಒಂದು ದಿನ ಶಾಲೆಯ ಹತ್ತಿರದ ಕಂಬದ ಮೇಲೆ ವೇಗ ಅಳೆಯುವ ಕ್ಯಾಮೆರಾ ಕೂತಿತು. ವಾರ ಕಳೆಯುವುದರೊಳಗೆ ಮನೆಮನೆಗೆ ಫೋಟೋ ಸಮೇತ ದಂಡದ ನೋಟಿಸುಗಳು ಬರತೊಡಗಿದವು. ಊರು ಎರಡಾಯಿತು. ಚಹಾದ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. ಗದ್ದಲ ಹೆಚ್ಚಾದಾಗ ಸಂಚಾರ ಪೊಲೀಸ್ ಅಧಿಕಾರಿಯೊಬ್ಬರು ಶಾಲೆಯ ಹಾಲಿನಲ್ಲೇ ಸಭೆ ಕರೆದರು.

ಮೊದಲು ಎದ್ದವನು ಗೂಡ್ಸ್ ಆಟೋ ಓಡಿಸುವ ಜುಬೇರ್.

“ಸಾಹೇಬ್ರೆ, ರಸ್ತೆ ಅಗಲ ಮಾಡಿದೋರು ನೀವೇ, ಅದರ ಮ್ಯಾಲೆ ಓಡಿದ್ರೆ ಜುಲ್ಮಾನೆ ಹಾಕೋರೂ ನೀವೇ. ಎಷ್ಟು ಸ್ಪೀಡಿನಾಗೆ ಹೋಗ್ಬೇಕು ಅಂತ ಬೋರ್ಡ್ ಎಲ್ಲೈತೆ ತೋರಿಸ್ರಿ. ಬರ್ತ್‌ಡೇ ಫ್ಲೆಕ್ಸ್ ಹಿಂದೆ ಮುಚ್ಕಂಡೈತೆ. ಹಿಂಗೆ ಅಡಗಿ ಕೂತು ಹಿಡಿಯೋದಕ್ಕೆ ಸುರಕ್ಷತೆ ಅಂತಾರೇನ್ರಿ? ಇದು ವಸೂಲಿ. ಆ ರೊಕ್ಕದಾಗ ಇಲ್ಲಿಗೆ ಒಂದು ಬೀದಿದೀಪನಾದ್ರೂ ಬಂತಾ?”

ಚಪ್ಪಾಳೆ ಬಿತ್ತು. ಅಧಿಕಾರಿ ತಾಳ್ಮೆಯಿಂದಲೇ ಹೇಳಿದರು: “ಕ್ಯಾಮೆರಾ ಬಂದ ಮೇಲೆ ಈ ಜಾಗದಲ್ಲಿ ದೊಡ್ಡ ಅಪಘಾತ ಆಗಿಲ್ಲ. ಹಣ ಸರ್ಕಾರದ ಖಜಾನೆಗೆ ಹೋಗುತ್ತೆ, ನನ್ನ ಕೈಲಿಲ್ಲ. ನಿಧಾನ ಹೋದವರಿಗೆ ನೋಟಿಸೇ ಬರಲ್ಲವಲ್ಲ.”

ಮಾತಿಗೆ ಮಾತು ಬೆಳೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಚೌಡೇಶ್ವರಿ ಎದ್ದಳು. ಎಸ್.ಎಸ್. ಬಡಾವಣೆಯಲ್ಲಿ ಅವಳದು ಈಗ ಸ್ವಂತ ಹೊಲಿಗೆ ಅಂಗಡಿ. ಕಾಲೆಳೆಯುತ್ತ ಮುಂದೆ ಬಂದಾಗ, ಗೊತ್ತಿದ್ದವರು ಸರಿದು ದಾರಿ ಬಿಟ್ಟರು. ಕ್ಯಾಮೆರಾದ ಪರ ಮಾತಾಡುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು.

“ನನಗೂ ನೋಟಿಸ್ ಬಂದೈತೆ,” ಎಂದಳು. ಹಾಲಿನಲ್ಲಿ ನಗು ಎದ್ದಿತು. ಅವಳು ನಗಲಿಲ್ಲ. “ನನ್ನ ಕಾಲು ಹಿಂಗಾಗಿದ್ದು ಇಲ್ಲೇ. ಆದ್ರೂ ಅಂಗಡಿ ತೆಗೆಯೋ ಅವಸರಕ್ಕೆ ಸ್ಕೂಟಿ ಜೋರು ಬಿಟ್ಟಿದ್ದೆ. ಫೋಟೋ ನೋಡಿ ನನಗೇ ನಾಚಿಕೆ ಆತು. ಅವತ್ತು ಕ್ಯಾಮೆರಾ ಇದ್ದಿದ್ರೆ ಆ ಗಾಡಿಯೋನು ಸಿಗ್ತಿದ್ದ. ಕಾಲು ಉಳಿತಿತ್ತೋ ಇಲ್ವೋ, ಗೊತ್ತಿಲ್ಲ. ಜುಬೇರಣ್ಣ ಹೇಳಿದ್ದೂ ಖರೆ. ಬೋರ್ಡು ನನಗೂ ಕಾಣ್ಲಿಲ್ಲ.”

ಅಧಿಕಾರಿ ಬಾಗಿಲ ಬಳಿ ನಿಂತಿದ್ದ ಮೀನಕ್ಕನ ಕಡೆ ತಿರುಗಿದರು. “ನೀವು ಏನಂತೀರಮ್ಮ?”

ರಸ್ತೆಯಲ್ಲಿ ಕೂಗಿ ಅಭ್ಯಾಸವಿದ್ದರೂ ಸಭೆಯಲ್ಲಿ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. “ಕ್ಯಾಮೆರಾ ಇರ್ಲಿ ಸರ್. ಫ್ಲೆಕ್ಸ್ ತೆಗೆಸ್ರಿ, ಬೋರ್ಡ್ ಮುಂದಕ್ಕೆ ಹಾಕ್ರಿ. ಆದ್ರೆ ಅದು ಫೋಟೋ ಹಿಡಿತೈತೆ, ಹುಡುಗರ ಕೈ ಹಿಡಿಯಲ್ಲ. ನನಗೆ ವಯಸ್ಸಾತು, ಮುಂದಿನ ತಿಂಗಳು ಬಿಡ್ತೀನಿ. ನನ್ನ ಜಾಗಕ್ಕೆ ಒಬ್ರನ್ನ ಕೊಡ್ರಿ, ಸಾಕು.”

ಫ್ಲೆಕ್ಸ್ ತೆಗೆದರು. ಎದ್ದು ಕಾಣುವಂತೆ ದೊಡ್ಡ ಬೋರ್ಡು ನೆಟ್ಟರು. ಅವಳ ಜಾಗಕ್ಕೆ ಮಾತ್ರ ಯಾರೂ ಬರಲಿಲ್ಲ. ವಿಚಾರಿಸಲು ಹೋದರೆ, “ಕ್ಯಾಮೆರಾ ಐತಲ್ಲಮ್ಮ” ಎಂದರು ಕಚೇರಿಯಲ್ಲಿ.

ಸಮವಸ್ತ್ರ ಒಪ್ಪಿಸಿ ಬಂದ ಮರುದಿನ ಬೆಳಿಗ್ಗೆ ಮೀನಕ್ಕನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಹಸಿರು ನೂಲಿನ ಸೀರೆಯುಟ್ಟು ಹೊರಟಳು. “ಎಲ್ಲಿಗೆ?” ಎಂದು ಕೇಳಲು ಬಾಯಿ ತೆರೆದ ಪರಶುರಾಮ ಕೇಳದೆ ಅವಳ ಚಪ್ಪಲಿ ತಂದಿಟ್ಟ. ಗಿರಣಿಯ ಗೇಟು ಮುಚ್ಚಿದ ಮೇಲಿನ ಬೆಳಗು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

ರಸ್ತೆಯಂಚಿನಲ್ಲಿ ನಿಂತು ಕೈ ಎತ್ತಿದಳು. ಯಾರೂ ನಿಲ್ಲಲಿಲ್ಲ. ಸೀರೆಯುಟ್ಟ ಮುದುಕಿಯೊಬ್ಬಳು ಆಟೋ ಕರೆಯುತ್ತಿದ್ದಾಳೆ ಎಂದುಕೊಂಡು ಒಬ್ಬ ಆಟೋದವನು ಮಾತ್ರ ಹತ್ತಿರ ಬಂದ. ಆದರೆ ಇನ್ನೊಂದನ್ನೂ ಅವಳು ಗಮನಿಸಿದಳು: ಯಾವ ಗಾಡಿಯೂ ಜೋರಾಗಿ ಬರುತ್ತಿರಲಿಲ್ಲ. ಬೋರ್ಡು ಕಂಡಲ್ಲಿಂದಲೇ ಎಲ್ಲವೂ ಮೆರವಣಿಗೆಯಂತೆ ಮೆಲ್ಲಗೆ ಸಾಗುತ್ತಿದ್ದವು. ಗಾಡಿಗಳ ನಡುವೆ ಜಾಗ ಸಿಕ್ಕಾಗ ಮಕ್ಕಳ ಕೈ ಹಿಡಿದು ಸಲೀಸಾಗಿ ದಾಟಿಸಿದಳು. ಇಷ್ಟು ವರ್ಷ ಗಂಟಲು ಹರಿದುಕೊಂಡು ಮಾಡಿಸಿದ್ದನ್ನು ಆ ಕಂಬ ಬಾಯಿ ತೆರೆಯದೆ ಮಾಡಿಸಿತ್ತು. ಸಂತೋಷವಾಯಿತು. ಜೊತೆಗೇ ಎಲ್ಲೋ ಒಂದು ಕಡೆ ಚುಚ್ಚಿತು. ಇಷ್ಟು ಗಾಡಿ ಹೋದವು, ಒಂದು ಕಿಟಕಿಯಿಂದಲೂ ಯಾರೂ ಅವಳ ಹೆಸರು ಕೂಗಲಿಲ್ಲ.

ಎರಡನೇ ಗುಂಪು ದಾಟಿಸುವಾಗ ಜುಬೇರನ ಆಟೋ ಬಂತು. ಅವಳನ್ನು ನೋಡಿದವನೇ ಗಾಡಿಯನ್ನು ಅಡ್ಡ ನಿಲ್ಲಿಸಿ ಇಳಿದ. ಹಿಂದೆ ಹಾರ್ನ್‌ಗಳು ಕಿರುಚಿದವು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಆ ಕ್ಯಾಮೆರಾ ಡಬ್ಬಿ ವಸೂಲಿಗೇ ಐತೆ ಅಕ್ಕಾ, ನಾನು ಮಾತು ಬದಲಾಯ್ಸಲ್ಲ,” ಎಂದ, ಮಕ್ಕಳು ದಾಟುವವರೆಗೆ ನಿಂತು.

“ಬದಲಾಯ್ಸಬ್ಯಾಡ. ನಾಳಿನೂ ಇದೇ ಹೊತ್ತಿಗೆ ಬಾ,” ಎಂದಳು ಅವಳು.

ಅವನು ಬಂದ. ಅದನ್ನು ಕಂಡ ತಾಯಂದಿರು ಒಬ್ಬೊಬ್ಬರಾಗಿ ಸರದಿಯ ಮೇಲೆ ನಿಲ್ಲತೊಡಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೀನಕ್ಕ ದಿನಾ ಹೋಗುವ ಅಗತ್ಯ ಉಳಿಯಲಿಲ್ಲ.

ಹಾಗೆ ಬಿಡುವಾದ ಒಂದು ಮಧ್ಯಾಹ್ನ ಅವಳು ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ಗೋಣೆಪ್ಪನಿಗೆ ಈಗ ಮಂಡಿನೋವು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎಲ್ಲವನ್ನೂ ಕೇಳಿಸಿಕೊಂಡು, ಬೋರ್ಡಿನಲ್ಲಿ ಬರೆದ ವೇಗ ಎಷ್ಟೆಂದು ವಿಚಾರಿಸಿದ. ಅವಳು ಹೇಳಿದಳು.

“ಅಷ್ಟು ನಿಧಾನಕ್ಕೆ ನನ್ನ ಬಸ್ಸು ಹೋಗಿದ್ರೆ ಪ್ಯಾಸೆಂಜರು ಇಳಿದು ನಡ್ಕಂಡು ಹೋಗ್ತಿದ್ರು,” ಎಂದು ನಕ್ಕ. ನಗು ನಿಂತ ಮೇಲೆ ಮಂಡಿ ನೀವಿಕೊಂಡ. “ಆದ್ರೂ ಚಲೋ ಆತು ಬಿಡು.”

ಅವನ ಹೆಂಡತಿ ಕಾಳವ್ವ ಮಂಡಕ್ಕಿ ಒಗ್ಗರಣೆ ಹಾಕಿ ತಂದಿಟ್ಟಳು. ರಸ್ತೆ ಅಗಲ ಮಾಡುವಾಗ ಕಡಿದ ಹುಣಸೆಮರಗಳಲ್ಲಿ ಯಾವುದು ಎಲ್ಲಿತ್ತು ಎಂಬುದರ ಮೇಲೆ ಮೀನಕ್ಕನಿಗೂ ಗೋಣೆಪ್ಪನಿಗೂ ವಾದ ಹತ್ತಿತು. ಬಾವಿಯ ಪಕ್ಕದ ಮರ ಮೊದಲೋ, ಇಟ್ಟಿಗೆಭಟ್ಟಿ ಎದುರಿನದು ಮೊದಲೋ ಎಂದು ಇಬ್ಬರೂ ಪಟ್ಟು ಬಿಡಲಿಲ್ಲ. ಮೀನಕ್ಕ ಸಂಜೆಯ ಬಸ್ಸನ್ನು ಬಿಟ್ಟು, ಅದರ ನಂತರದ್ದಕ್ಕೆ ಹೋದರಾಯಿತು ಎಂದು ಚಪ್ಪಲಿ ಮತ್ತೆ ಕಳಚಿ ಕೂತಳು.